ಸಕ್ಕರೆಯ ಆಮ್ಲವೂ ಕಡಲೆಯ ಹುಳಿಯೂ

ಸಿಂದಗಿ ಸೀಮೆಯ ಎರೆಯ ನೆಲದಲ್ಲಿ ಹಿಂಗಾರಿನ ಕಡಲೆಯು ಗೇಣುದ್ದ ಬೆಳೆದ ಮೇಲೆ, ಮಾಗಿಯ ಮುಂಜಾನೆ ಹೊಲವನ್ನು ಹಾದುಹೋದವರ ಕಾಲಿಗೆ ಸಣ್ಣಗೆ ಉರಿಯೂ ತುರಿಕೆಯೂ ಹತ್ತುವುದುಂಟು. ಎಳ್ಳಮಾವಾಸ್ಯೆಯ ಹೊತ್ತಿಗೆ ಜೋಳದ ರೊಟ್ಟಿಯೊಡನೆ ತಿನ್ನುವ ಹಸಿಯ ಕಡಲೆಸೊಪ್ಪಿಗೆ ಉಪ್ಪು ಹುಳಿಗಳು ಬೆರೆತ ರುಚಿ ಬರುವುದೂ ಅದೇ ಕಾರಣದಿಂದ. ಗಿಡದ ಮೈಮೇಲಿನ ಸೂಕ್ಷ್ಮ ರೋಮಗಳ ತುದಿಯಲ್ಲಿ ಒಸರುವ ರಸವೇ ಕಡಲೆಯ ಹುಳಿ. ತೊಳೆದ ಬಿಳಿಯ ಬಟ್ಟೆಯನ್ನು ರಾತ್ರಿ ಗಿಡಗಳ ಮೇಲೆ ಹಾಸಿ, ಇಬ್ಬನಿಯೊಡನೆ ಈ ರಸವನ್ನು ಹೀರಿದ ಬಟ್ಟೆಯನ್ನು ಸೂರ್ಯೋದಯಕ್ಕೆ ಮೊದಲೇ ಹಿಂಡಿ ತುಂಬಿಡುವುದು ಅದನ್ನು ಸಂಗ್ರಹಿಸುವ ಹಳೆಯ ಕ್ರಮ. ಅಜೀರ್ಣಕ್ಕೂ ಹೊಟ್ಟೆನೋವಿಗೂ ಕೆಲವು ಹನಿಗಳನ್ನು ನೀರಿನಲ್ಲಿ ಬೆರಸಿ ಕೊಡುವರು.

ಸಂಸ್ಕೃತದಲ್ಲಿ ಇದಕ್ಕೆ ಚಣಕಾಮ್ಲವೆಂದು ಹೆಸರು. ರಸರತ್ನಸಮುಚ್ಚಯವು ಅಮ್ಲವರ್ಗವನ್ನು ಹೇಳುವಾಗ ನಿಂಬೆ, ಮಾದಳಗಳ ಜೊತೆಗೆ ಚಣಕಾಮ್ಲವನ್ನೂ ಚಾಂಗೇರಿಯನ್ನೂ ಎಣಿಸಿದೆ. ಚಾಂಗೇರಿಯೆಂದರೆ ನೀರು ನಿಂತ ತಂಪಿನಲ್ಲಿ ತಾನಾಗಿ ಹಬ್ಬುವ, ಮೂರು ಎಲೆಗಳ ಪುಲ್ಲಂಪುರಚಿ. ಈ ಎರಡನ್ನೂ ಒಂದೇ ವರ್ಗದಲ್ಲಿಟ್ಟ ಪ್ರಾಚೀನರಿಗೆ ನಾಲಗೆಯೊಂದೇ ಪ್ರಮಾಣವಾಗಿತ್ತು. ಆದರೂ ಅವರ ನಾಲಗೆ ತಪ್ಪಲಿಲ್ಲ. ಯುರೋಪಿನ ಸಸ್ಯಶಾಸ್ತ್ರಜ್ಞರು ಚಾಂಗೇರಿಯ ಕುಲಕ್ಕೆ, ಹುಳಿ ಎಂಬ ಅರ್ಥದ ಗ್ರೀಕ್ ಶಬ್ದದಿಂದ, ಆಕ್ಸಾಲಿಸ್ ಎಂದು ಹೆಸರಿಟ್ಟರು. ಅದರೊಳಗಿನ ಆಮ್ಲವು ಆಕ್ಸಾಲಿಕ್ ಆಮ್ಲವೆನಿಸಿತು. ಕಡಲೆಯ ಹುಳಿಯಲ್ಲಿ ಮ್ಯಾಲಿಕ್ ಆಮ್ಲವು ಮುಖ್ಯವಾದರೂ ಆಕ್ಸಾಲಿಕ್ ಆಮ್ಲವೂ ಕೂಡಿದೆ.

ಇದೇ ಆಕ್ಸಾಲಿಕ್ ಆಮ್ಲಕ್ಕೆ ಮೊದಲು ಬಂದ ಹೆಸರು ‘ಸಕ್ಕರೆಯ ಆಮ್ಲ’. 1776ರ ಸುಮಾರಿಗೆ ಸ್ವೀಡನ್ ದೇಶದ ಷೀಲೆ, ಬೆರ್ಗ್‌ಮನ್ ಎಂಬ ರಸಾಯನಜ್ಞರು ಸಕ್ಕರೆಯನ್ನು ನೈಟ್ರಿಕ್ ಆಮ್ಲದೊಡನೆ ಕಾಯಿಸಿ ಇದನ್ನು ಪಡೆದರು. ಹುಳಿಸೊಪ್ಪಿನ ಆಮ್ಲವೂ ಸಕ್ಕರೆಯಿಂದಾದ ಆಮ್ಲವೂ ಒಂದೇ ಎಂದು ಷೀಲೆಯು 1784ರಲ್ಲಿ ಸಿದ್ಧಪಡಿಸಿದನು. ಮಧುರದಿಂದ ಆಮ್ಲವು ಹುಟ್ಟುವುದು ಹುದುಗಿದ ಕಬ್ಬಿನ ಹಾಲನ್ನು ಕಂಡವರಿಗೆ ಹೊಸತಲ್ಲ; ಆದರೆ ಅಲ್ಲಿ ಹುಟ್ಟುವುದು ಬೇರೆಯ ಆಮ್ಲ.

ಅಂಗಡಿಯಲ್ಲಿ ದೊರೆಯುವ ಆಕ್ಸಾಲಿಕ್ ಆಮ್ಲವು ಬಣ್ಣವಿಲ್ಲದ ಹರಳು; ನೀರಿನಲ್ಲಿ ಕರಗುವುದು. ಕಬ್ಬಿಣದ ತುಕ್ಕನ್ನು ಕರಗಿಸುವುದು, ಕಪ್ಪಾದ ಮರವನ್ನು ಬಿಳಿಚಿಸುವುದು, ಬಟ್ಟೆಗೆ ಬಣ್ಣ ಹಾಕುವ ಕೆಲಸ, ಮೊಸಾಯಿಕ್ ಮತ್ತು ಅಮೃತಶಿಲೆಯ ನೆಲಕ್ಕೆ ಮೆರುಗು ಕೊಡುವುದು, ಇವು ಇದರ ಮುಖ್ಯ ಉಪಯೋಗಗಳು. ಕಬ್ಬಿಣದ ಅಂಶವುಳ್ಳ ಮಸಿಯ ಬರಹವನ್ನು ಇದು ಅಳಿಸಬಲ್ಲುದು; ಕಾಡಿಗೆಯಿಂದ ಮಾಡಿದ ನಮ್ಮ ಹಳೆಯ ಮಸಿಯ ಮುಂದೆ ಇದರ ಆಟ ನಡೆಯದು. ಓಲೆಗರಿಯನ್ನು ನಂಬಿದವರಿಗೆ ಇದೊಂದು ಸಮಾಧಾನ.

ದೋಷವು ರೂಪಸಾಮ್ಯದಲ್ಲಿದೆ. ಹರಳು ಸಕ್ಕರೆಯಂತೆಯೂ ಭೇದಿಯುಪ್ಪಿನಂತೆಯೂ ಕಾಣುವುದರಿಂದ ಪ್ರಮಾದಕ್ಕೆ ಎಡೆಯುಂಟು. ವಯಸ್ಕರಿಗೆ 15ರಿಂದ 30 ಗ್ರಾಂ ಪ್ರಾಣಾಂತಕವೆನ್ನುವರು. 5 ಗ್ರಾಮಿನಷ್ಟಕ್ಕೇ ಮರಣವಾದ ಪ್ರಸಂಗಗಳೂ ಉಂಟು. ಬಾಯಿ, ಗಂಟಲು, ಜಠರಗಳನ್ನು ಸುಡುವುದಲ್ಲದೆ, ಇದು ರಕ್ತದಲ್ಲಿನ ಸುಣ್ಣಾಂಶವನ್ನು ಹಿಡಿದು ಕರಗದ ಲವಣವಾಗಿ ಮಾಡುವುದು. ಸುಣ್ಣಾಂಶವು ಕುಗ್ಗಿ ಹೃದಯವು ತಡವರಿಸುವುದು. ಆ ಲವಣವು ಮೂತ್ರಪಿಂಡದ ನಾಳಗಳಲ್ಲಿ ಕಟ್ಟಿಕೊಳ್ಳುವುದು. ಆದುದರಿಂದ ಇದನ್ನು ಅಡಿಗೆಯ ಮನೆಯಲ್ಲಾಗಲಿ, ತಿನ್ನುವ ಪದಾರ್ಥದ ಡಬ್ಬಿಯಲ್ಲಾಗಲಿ ಇಡಕೂಡದು. ಹೆಸರು ಬರೆದು ಬೀಗದೊಳಗಿಡತಕ್ಕದ್ದು. ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ ಅಗತ್ಯ. ಬ್ಲೀಚಿಂಗ್ ಪುಡಿಯೊಡನೆ ಬೆರಸಿದರೆ ಕ್ಲೋರಿನ್ ಎಂಬ ವಿಷವಾಯು ಏಳುವುದು. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ನೀರೆರಚಬೇಕು. ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸದೆ, ಬಾಯಿ ತೊಳೆಯಿಸಿ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಇಲ್ಲಿ ಒಂದು ಕುತರ್ಕವನ್ನು ಖಂಡಿಸುವುದು ಅವಶ್ಯ. ಚಣಕಾಮ್ಲದಲ್ಲಿ ಆಕ್ಸಾಲಿಕ್ ಆಮ್ಲವಿದೆ, ಚಣಕಾಮ್ಲವು ಔಷಧ, ಆದುದರಿಂದ ಅದು ದೊರೆಯದಾಗ ಅಂಗಡಿಯ ಹರಳೂ ಔಷಧವಾದೀತು, ಎಂಬ ಅನುಮಾನವು ಕೇಳಲು ಸರಿಯೆನಿಸಿದರೂ ಹೇತ್ವಾಭಾಸವೇ. ಹನಿಯಲ್ಲಿ ಇರುವುದು ಇಬ್ಬನಿಯಲ್ಲಿ ತೆಳುವಾದ, ಬೇರೆ ಆಮ್ಲದೊಡನೆ ಕೂಡಿದ ಅಲ್ಪಾಂಶ. ಹರಳಿನಲ್ಲಿ ಇರುವುದು ಅದರ ಘನರೂಪ. ಮಾತ್ರೆಯನ್ನು ಬಿಟ್ಟು ದ್ರವ್ಯದ ಹೆಸರನ್ನಷ್ಟೇ ಹಿಡಿದವನ ಕೈಯಲ್ಲಿ ಔಷಧವೂ ವಿಷವಾಗುವುದೆಂದು ವೈದ್ಯಶಾಸ್ತ್ರವೇ ಒಪ್ಪುವುದು.

ಗಿಡಕ್ಕೆ ಈ ಹುಳಿಯು ಏತಕ್ಕೆ? ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನ ಸಂಸ್ಥೆಯ ಶೋಧಕರು, ಎಲೆಯ ಆಕ್ಸಾಲಿಕ್ ಆಮ್ಲವು ಕಾಯಿಕೊರಕ ಹುಳುವಿನ ಬೆಳವಣಿಗೆಯನ್ನು ತಡೆಯುವುದೆಂದು 1995ರಲ್ಲಿ ಪ್ರಕಟಿಸಿದರು. ಅದು ಸಾಲದೆಂದು ರೈತರು ಅದೇ ಹುಳುವಿಗೆ ಕೀಟನಾಶಕವನ್ನು ಸಿಂಪಡಿಸುತ್ತಾರೆ. ಅಂಥ ಹೊಲದಲ್ಲಿ ಬಟ್ಟೆ ಹಾಸಿದರೆ ಹುಳಿಯೊಡನೆ ಆ ವಿಷವೂ ಬಟ್ಟೆಗೆ ಇಳಿಯುವುದು. ಆದಕಾರಣ ಹುಳಿ ಹಿಡಿಯುವವರು ಸಿಂಪಡಿಸದ ಒಂದು ಪಟ್ಟಿಯನ್ನು ಬಿತ್ತುವಾಗಲೇ ಬೇರೆಯಾಗಿ ಬಿಡಬೇಕು. ತಾಮ್ರ, ಹಿತ್ತಾಳೆ, ಕಬ್ಬಿಣಗಳನ್ನು ಬಿಟ್ಟು ಗಾಜಿನಲ್ಲಿಯೇ ತುಂಬಬೇಕು. ಮೂತ್ರಪಿಂಡದಲ್ಲಿ ಕಲ್ಲಾದವರಿಗೆ ಅದನ್ನು ಕೊಡಕೂಡದು.