ಕ್ವಾರ್ಟರ್‌ಬ್ಯಾಕನ್ನು ಕೆಡವಿದ್ದು ಯಾರು?

ಸಿಯಾಟಲ್ ಸೀಹಾಕ್ಸ್ ತಂಡದ ರಕ್ಷಣೆಯ ಮಾತೆತ್ತಿದರೆ ಅಮೆರಿಕನ್ ಫುಟ್‌ಬಾಲ್ ನೋಡುವವರ ಬಾಯಿಗೆ ಮೊದಲು ಬರುವ ಹೆಸರು ‘ಲೀಜನ್ ಆಫ್ ಬೂಮ್’. ರಿಚರ್ಡ್ ಶರ್ಮನ್, ಅರ್ಲ್ ಥಾಮಸ್, ಕ್ಯಾಮ್ ಚಾನ್ಸಲರ್ ಮೊದಲಾದವರು ಮೈದಾನದ ಹಿಂಭಾಗವನ್ನು ಕಾಯುತ್ತಿದ್ದ ದಳ ಅದು. 2014ರ ಫೆಬ್ರವರಿ 2ರಂದು ನಡೆದ ಎನ್‌ಎಫ್‌ಎಲ್ ಲೀಗಿನ ಅಂತಿಮ ಪಂದ್ಯ ಸೂಪರ್ ಬೌಲ್‌ನಲ್ಲಿ ಡೆನ್ವರ್ ಬ್ರಾಂಕೋಸ್ ತಂಡವನ್ನು 43-8ರಿಂದ ನೆಲಕಚ್ಚಿಸಿದ್ದು ಈ ದಳವೇ ಎಂದು ಇವತ್ತಿಗೂ ಹೇಳುತ್ತಾರೆ. ಹಾಗೆ ಹೇಳುವುದಕ್ಕೆ ಕಾರಣವೂ ಇದೆ. ಆ ಋತುವಿನಲ್ಲಿ ಡೆನ್ವರ್ 606 ಅಂಕ ಪೇರಿಸಿತ್ತು. ಅದರ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ 55 ಟಚ್‌ಡೌನ್ ಪಾಸ್ ಎಸೆದಿದ್ದರು. ಎರಡೂ ಎನ್‌ಎಫ್‌ಎಲ್ ದಾಖಲೆ. ಅಂಥ ಮ್ಯಾನಿಂಗ್ ಅವರನ್ನು ಚೆಂಡು ಕೈಯಲ್ಲಿರುವಾಗಲೇ ಸಿಯಾಟಲ್ ಕೆಡವಿದ್ದು, ಅಂದರೆ ‘ಸ್ಯಾಕ್’ ಮಾಡಿದ್ದು, ಇಡೀ ಪಂದ್ಯದಲ್ಲಿ ಒಂದೇ ಸಲ. ಲೆಕ್ಕದ ಹಾಳೆ ನೋಡಿದವರು ಮುಂದಿನ ಸಾಲಿನವರ ಪಾಲು ಹೆಚ್ಚೇನಿಲ್ಲ ಎಂದುಕೊಂಡರೆ ಆಶ್ಚರ್ಯವಿಲ್ಲ.

ಆದರೆ ಪಂದ್ಯವನ್ನು ನೋಡಿದರೆ ಬೇರೆಯೇ ಕಾಣುತ್ತದೆ. ಎರಡನೇ ಕ್ವಾರ್ಟರಿನಲ್ಲಿ ಮ್ಯಾನಿಂಗ್ ಎಸೆದ ಚೆಂಡೊಂದು ಗುರಿ ತಪ್ಪಿ ಗಾಳಿಯಲ್ಲಿ ತೇಲಿತು. ಲೈನ್‌ಬ್ಯಾಕರ್ ಮಾಲ್ಕಮ್ ಸ್ಮಿತ್ ಅದನ್ನು ಹಿಡಿದು 69 ಯಾರ್ಡ್ ಓಡಿ ಟಚ್‌ಡೌನ್ ಗಳಿಸಿದರು. ಕೊನೆಗೆ ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. ಚೆಂಡು ತೇಲಿದ್ದು ಏಕೆಂದರೆ, ಎಸೆಯುವ ಕ್ಷಣಕ್ಕೆ ಸರಿಯಾಗಿ ಮುಂದಿನ ಸಾಲಿನ ಕ್ಲಿಫ್ ಏವ್ರಿಲ್ ನುಗ್ಗಿ ಬಂದು ಮ್ಯಾನಿಂಗ್ ಅವರ ತೋಳಿಗೆ ಬಡಿದಿದ್ದರು. ಲೆಕ್ಕದಲ್ಲಿ ಅದು ಸ್ಯಾಕ್ ಅಲ್ಲ, ಸ್ಮಿತ್ ಹೆಸರಿನ ಇಂಟರ್‌ಸೆಪ್ಷನ್.

ಪಾಸ್ ರಷ್ ದೊಡ್ಡದೋ ಕವರೇಜ್ ದೊಡ್ಡದೋ ಎಂಬ ವಾದದಲ್ಲಿ ಹುಟ್ಟಿಕೊಂಡ ತಪ್ಪು ಕಲ್ಪನೆಗಳೆಲ್ಲ ಹೀಗೆ ಹಾಳೆಯ ಮೇಲಿನ ಹೆಸರನ್ನು ನಂಬುವುದರಿಂದಲೇ ಬಂದವು. ಆಟ ಹೊಸದಾದವರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಎರಡೂ ಕಡೆ 11 ಜನ. ದಾಳಿಯ ತಂಡಕ್ಕೆ 10 ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶ. ಎಸೆತ ಬರುತ್ತದೆ ಎಂದಾಗ ರಕ್ಷಣಾ ತಂಡದ ಮುಂದಿನ ಸಾಲು ಎದುರಿನ ಐವರು ತಡೆಗಾರರನ್ನು ದಾಟಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತದೆ. ಅದು ಪಾಸ್ ರಷ್. ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿಗಳು ಸೇರಿದ ಹಿಂದಿನ ಸಾಲು, ಅಂದರೆ ಸೆಕೆಂಡರಿ, ಚೆಂಡು ಹಿಡಿಯಲು ಓಡುವ ರಿಸೀವರ್‌ಗಳಿಗೆ ಜಾಗ ಸಿಗದಂತೆ ಕಾಯುತ್ತದೆ, ಅದು ಕವರೇಜ್. ಎಲ್ಲ ಮುಗಿಯುವುದು ಸಾಮಾನ್ಯವಾಗಿ ಎರಡೂವರೆ, ಮೂರು ಸೆಕೆಂಡುಗಳ ಒಳಗೆ. ರಷರ್ ಗೆದ್ದನೋ ಇಲ್ಲವೋ ಎಂದು ಅಳೆಯಲು ಇಎಸ್‌ಪಿಎನ್ ಇಟ್ಟುಕೊಂಡ ಗಡುವೂ 2.5 ಸೆಕೆಂಡೇ.

‘ಸ್ಯಾಕ್ ಹೆಚ್ಚಿದ್ದರೆ ರಷ್ ಚೆನ್ನಾಗಿದೆ’

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ಇದು. ಎನ್‌ಎಫ್‌ಎಲ್ ಸ್ಯಾಕ್‌ಗಳನ್ನು ಆಟಗಾರರ ಹೆಸರಿನಲ್ಲಿ ಅಧಿಕೃತವಾಗಿ ಎಣಿಸಲು ಶುರುಮಾಡಿದ್ದೇ 1982ರಲ್ಲಿ. ಎಣಿಸಲು ಸುಲಭ, ಹೇಳಲು ಸುಲಭ, ಸಂಭ್ರಮಿಸಲಂತೂ ಇನ್ನೂ ಸುಲಭ. ಆದರೆ ಕ್ವಾರ್ಟರ್‌ಬ್ಯಾಕ್ ಎಸೆಯಲು ಹಿಂದೆ ಸರಿದ 100 ಸಲದಲ್ಲಿ ಸ್ಯಾಕ್ ಆಗುವುದು ಸುಮಾರು ಆರೇಳು ಸಲ ಮಾತ್ರ. ಉಳಿದ 90ಕ್ಕೂ ಹೆಚ್ಚು ಸಲ ಏನಾಯಿತು ಎಂಬುದರಲ್ಲೇ ಪಂದ್ಯ ನಿಂತಿರುತ್ತದೆ. ತೋಳಿಗೆ ಬಡಿದದ್ದು, ಬಲಗಡೆಗೆ ಓಡಿಸಿ ಅವಸರದಲ್ಲಿ ಎಸೆಯುವಂತೆ ಮಾಡಿದ್ದು, ಎದುರು ನಿಂತು ನೋಟಕ್ಕೆ ಅಡ್ಡವಾದದ್ದು, ಇವು ಯಾವುವೂ ಸ್ಯಾಕ್ ಅಲ್ಲ.

ಸ್ಯಾಕ್ ಆದಾಗಲೂ ಅದರ ಒಡೆಯರು ಯಾರೆಂದು ಅಷ್ಟು ಸಲೀಸಾಗಿ ಹೇಳಲಾಗದು. ಕ್ವಾರ್ಟರ್‌ಬ್ಯಾಕ್ ಮೊದಲು ನೋಡಿದ ರಿಸೀವರ್‌ನ ಮೈಗೆ ಅಂಟಿದಂತೆ ಕಾರ್ನರ್‌ಬ್ಯಾಕ್ ಓಡುತ್ತಿದ್ದಾನೆ. ಎರಡನೆಯವನನ್ನು ನೋಡಿದರೆ ಅಲ್ಲಿ ಸೇಫ್ಟಿ ಕಾದಿದ್ದಾನೆ. ಎಸೆಯಲು ಎತ್ತಿದ ಚೆಂಡನ್ನು ಮತ್ತೆ ಎದೆಯ ಹತ್ತಿರ ತಂದು ಇನ್ನೊಂದು ಸಲ ತಟ್ಟಿಕೊಳ್ಳುತ್ತಾನೆ. ಆ ಒಂದು ತಟ್ಟಿನಲ್ಲಿ ಅರ್ಧ ಸೆಕೆಂಡ್ ಹೋಯಿತು, ಅಷ್ಟರಲ್ಲಿ ರಷರ್ ಮೇಲೆ ಬಿದ್ದ. ಅಮೆರಿಕದ ತರಬೇತುದಾರರು ಇದನ್ನು ‘ಕವರೇಜ್ ಸ್ಯಾಕ್’ ಎಂದೇ ಕರೆಯುತ್ತಾರೆ. ಕ್ರಿಕೆಟ್ ಬಲ್ಲವರಿಗೆ ಇದು ಹೊಸದಲ್ಲ. ಒಂದು ತುದಿಯಲ್ಲಿ ಒಬ್ಬ ಬೌಲರ್ ಓವರ್ ಮೇಲೆ ಓವರ್ ರನ್ ಕೊಡದೆ ಬಿಗಿಹಿಡಿಯುತ್ತಾನೆ. ಚಡಪಡಿಸಿದ ಬ್ಯಾಟ್ಸ್‌ಮನ್ ಇನ್ನೊಂದು ತುದಿಯವನಿಗೆ ವಿಕೆಟ್ ಒಪ್ಪಿಸುತ್ತಾನೆ. ಪತ್ರಿಕೆಯಲ್ಲಿ ಬರುವುದು ಎರಡನೆಯವನ ಹೆಸರು.

ಈ ವಿಷಯದಲ್ಲಿ ಕಾರ್ನರ್‌ಬ್ಯಾಕ್‌ಗಳಿಗೆ ಆಗುವ ಅನ್ಯಾಯ ನನ್ನನ್ನು ನಿಜಕ್ಕೂ ಕಾಡುತ್ತದೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುತ್ತದೆ. ಕಾರ್ನರ್‌ಬ್ಯಾಕ್ ತನ್ನ ಕೆಲಸವನ್ನು ಪರಿಪೂರ್ಣವಾಗಿ ಮಾಡಿದರೆ ಚೆಂಡು ಅವನತ್ತ ಬರುವುದೇ ಇಲ್ಲ, ಹಾಗಾಗಿ ಅವನು ಪರದೆಯ ಮೇಲೂ ಬರುವುದಿಲ್ಲ. ತಪ್ಪು ಮಾಡಿದಾಗ ಮಾತ್ರ ಮನೆಮನೆಗೂ ಕಾಣುತ್ತಾನೆ.

‘ಒತ್ತಡ ಹಾಕಬೇಕಾದರೆ ಬ್ಲಿಟ್ಜ್ ಮಾಡಲೇಬೇಕು’

ನಾಲ್ವರ ಬದಲು ಐವರು, ಆರು ಜನರನ್ನು ನುಗ್ಗಿಸುವುದು ಬ್ಲಿಟ್ಜ್. ಹೆಚ್ಚು ಜನ ನುಗ್ಗಿದರೆ ಹೆಚ್ಚು ಒತ್ತಡ ಎಂಬುದು ಕೇಳಲು ನ್ಯಾಯವಾಗಿಯೇ ಇದೆ. 1985ರ ಷಿಕಾಗೊ ಬೇರ್ಸ್ ತಂಡವನ್ನು ನೆನೆಯುವವರು ಇದನ್ನೇ ಹೇಳುತ್ತಾರೆ. ಬಡ್ಡಿ ರಯಾನ್ ಕಟ್ಟಿದ ‘46’ ರಕ್ಷಣೆ ಎದುರಾಳಿಗಳನ್ನು ಉಸಿರಾಡಲು ಬಿಡಲಿಲ್ಲ. ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಾಟ್ಸ್ ವಿರುದ್ಧ 46-10ರ ಗೆಲುವು ಸಿಕ್ಕಿತು. ಆದರೆ ಆ ಋತುವಿನಲ್ಲಿ ಬೇರ್ಸ್ ಸೋತ ಒಂದೇ ಒಂದು ಪಂದ್ಯ ಯಾವುದು? 1985ರ ಡಿಸೆಂಬರ್ 2ರಂದು ಮಯಾಮಿಯಲ್ಲಿ, 38-24ರಿಂದ. ಎದುರಿಗಿದ್ದವರು ಮಯಾಮಿಯ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರಿನೋ. ಚೆಂಡು ಅವರ ಕೈ ಬಿಡುತ್ತಿದ್ದ ವೇಗಕ್ಕೆ ಆ ಕಾಲದಲ್ಲಿ ಸಾಟಿಯಿರಲಿಲ್ಲ. ನುಗ್ಗಿ ಬಂದವರು ತಲುಪುವ ಮೊದಲೇ ಅವರು ಬಿಟ್ಟುಬಂದ ಜಾಗಕ್ಕೆ ಚೆಂಡು ಹೋಗಿಬಿಡುತ್ತಿತ್ತು. ಬ್ಲಿಟ್ಜ್‌ನ ಬೆಲೆ ಅದೇ: ಮುಂದೆ ಕಳಿಸಿದ ಪ್ರತಿಯೊಬ್ಬನೂ ಹಿಂದೆ ಒಂದು ಖಾಲಿ ಜಾಗ ಬಿಟ್ಟು ಬರುತ್ತಾನೆ.

ಇದನ್ನು ಟಾಂಪಾ ಬೇ ಬಕನೀರ್ಸ್ ತಂಡದಷ್ಟು ಚೆನ್ನಾಗಿ ಕಲಿತವರು ಅಪರೂಪ. ಅದರ ರಕ್ಷಣೆಯ ಹೊಣೆ ಹೊತ್ತಿದ್ದ ಟಾಡ್ ಬೋಲ್ಸ್ ಬ್ಲಿಟ್ಜ್‌ಗೇ ಹೆಸರಾದವರು. 2020ರ ನವೆಂಬರ್ 29ರಂದು ಕ್ಯಾನ್ಸಸ್ ಸಿಟಿ ಚೀಫ್ಸ್ ಎದುರು ಅವರ ಕಾರ್ನರ್‌ಬ್ಯಾಕ್‌ಗಳು ಟೈರೀಕ್ ಹಿಲ್ ಎಂಬ ಮಿಂಚಿನ ಓಟಗಾರನ ಜೊತೆ ಹಲವು ಸಲ ಒಂಟಿಯಾಗಿ ಸಿಕ್ಕಿಬಿದ್ದರು. ಹಿಲ್ ಮೊದಲ ಕ್ವಾರ್ಟರಿನಲ್ಲೇ 203 ಯಾರ್ಡ್, ಒಟ್ಟು 269 ಯಾರ್ಡ್ ಬಾಚಿಕೊಂಡರು. ಚೀಫ್ಸ್ 27-24ರಿಂದ ಗೆದ್ದಿತು. ಹತ್ತು ವಾರಗಳ ಬಳಿಕ, 2021ರ ಫೆಬ್ರವರಿ 7ರಂದು, ಸೂಪರ್ ಬೌಲ್‌ನಲ್ಲಿ ಮತ್ತೆ ಅದೇ ಎದುರಾಳಿ. ಈ ಸಲ ಬೋಲ್ಸ್ ತಮ್ಮ ಅಭ್ಯಾಸವನ್ನೇ ಬದಿಗಿಟ್ಟರು. ಇಬ್ಬರು ಸೇಫ್ಟಿಗಳನ್ನು ಆಳದಲ್ಲಿ ನಿಲ್ಲಿಸಿದರು, ಬ್ಲಿಟ್ಜ್ ಬೆರಳೆಣಿಕೆಯಷ್ಟು ಸಲ ಮಾತ್ರ ಮಾಡಿದರು, ನುಗ್ಗುವ ಕೆಲಸವನ್ನು ನಾಲ್ವರಿಗೆ ಬಿಟ್ಟರು. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆ ರಾತ್ರಿಯಿಡೀ ಹಿಂದೆ ಹಿಂದೆ ಓಡಿದರು. ಫಲಿತಾಂಶ 31-9; ಚೀಫ್ಸ್‌ಗೆ ಒಂದೂ ಟಚ್‌ಡೌನ್ ಇಲ್ಲ. ನಿಜ, ಚೀಫ್ಸ್ ತಂಡದ ತಡೆಗಾರರ ಸಾಲಿನ ಇಬ್ಬರು ಖಾಯಂ ಟ್ಯಾಕಲ್‌ಗಳು, ಎರಿಕ್ ಫಿಷರ್ ಮತ್ತು ಮಿಚೆಲ್ ಶ್ವಾರ್ಟ್ಸ್, ಗಾಯಗೊಂಡು ಹೊರಗಿದ್ದರು. ಆ ಮಾತನ್ನು ಮರೆಮಾಚಿ ಬೋಲ್ಸ್ ಅವರನ್ನು ಹೊಗಳುವುದು ಸರಿಯಲ್ಲ. ಆದರೂ ತಡೆಗೋಡೆ ಸಡಿಲವಾಗಿದೆ ಎಂದು ಗೊತ್ತಿದ್ದೂ ಇನ್ನಷ್ಟು ಜನರನ್ನು ನುಗ್ಗಿಸುವ ಆಸೆಗೆ ಬೀಳದೆ, ಉಳಿದ ಏಳು ಜನರನ್ನು ಹಿಂದಕ್ಕೆ ಸರಿಸಿದ್ದರಲ್ಲಿ ಅವರ ವಿವೇಕವಿದೆ.

2025ರ ಫೆಬ್ರವರಿ 9ರ ಸೂಪರ್ ಬೌಲ್ ಪಂದ್ಯದಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ ಅದೇ ಮಹೋಮ್ಸ್, ಅದೇ ಚೀಫ್ಸ್, ಎದುರಿಗೆ ಫಿಲಡೆಲ್ಫಿಯಾ ಈಗಲ್ಸ್. ರಕ್ಷಣಾ ತರಬೇತುದಾರ ವಿಕ್ ಫ್ಯಾಂಜಿಯೋ ಅವರ ದಳ ಇಡೀ ಪಂದ್ಯದಲ್ಲಿ ಒಂದು ಬ್ಲಿಟ್ಜ್ ಕೂಡ ಮಾಡಲಿಲ್ಲ. ಮಹೋಮ್ಸ್ ಆರು ಸಲ ಸ್ಯಾಕ್ ಆದರು. ಈಗಲ್ಸ್ ಗೆದ್ದದ್ದು 40-22ರಿಂದ.

‘2008ರಲ್ಲಿ ಗೆದ್ದದ್ದು ಬರೀ ಪಾಸ್ ರಷ್’

ರಷ್ ಪರ ವಾದಿಸುವವರ ಕೊನೆಯ ಅಸ್ತ್ರ ಯಾವಾಗಲೂ 2008ರ ಫೆಬ್ರವರಿ 3ರ ಸೂಪರ್ ಬೌಲ್. ಅಲ್ಲಿಯವರೆಗೆ 18 ಪಂದ್ಯ ಆಡಿ ಹದಿನೆಂಟನ್ನೂ ಗೆದ್ದಿದ್ದ ಪೇಟ್ರಿಯಾಟ್ಸ್ ತಂಡವನ್ನು ನ್ಯೂಯಾರ್ಕ್ ಜೈಂಟ್ಸ್ 17-14ರಿಂದ ಸೋಲಿಸಿತು. ಮೈಕಲ್ ಸ್ಟ್ರೇಹನ್, ಜಸ್ಟಿನ್ ಟಕ್, ಓಸಿ ಯುಮೆನ್ಯೋರಾ ಇದ್ದ ರಕ್ಷಣಾ ತಂಡ ಎದುರಾಳಿ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಅವರನ್ನು ಐದು ಸಲ ಕೆಡವಿತು. ಇದರಲ್ಲಿ ಸುಳ್ಳೇನೂ ಇಲ್ಲ. ಅಂಚಿನಲ್ಲಿ ಆಡುವ ಟಕ್ ಅವರನ್ನು ಒಳಗೆ, ನಿಧಾನ ಕಾಲಿನ ಗಾರ್ಡ್‌ಗಳ ಎದುರು ನಿಲ್ಲಿಸಿದ್ದು ರಕ್ಷಣಾ ತರಬೇತುದಾರ ಸ್ಟೀವ್ ಸ್ಪಾಗ್ನುವೊಲೊ ಅವರ ಜಾಣತನ.

ಆದರೆ ಕೊನೆಯ ಅರ್ಧ ನಿಮಿಷವನ್ನು ಜನ ಮರೆಯುತ್ತಾರೆ. ಜೈಂಟ್ಸ್ ಮುನ್ನಡೆ ಪಡೆದಾಗ 35 ಸೆಕೆಂಡ್ ಉಳಿದಿತ್ತು. ಬ್ರೇಡಿ ಕೈಗೆ ಚೆಂಡು ಬಂತು. ಎರಡನೇ ಅವಕಾಶದಲ್ಲಿ ಬ್ರೇಡಿ ಅವರನ್ನು ಜೈಂಟ್ಸ್ ತಂಡದ ಜೇ ಆಲ್ಫರ್ಡ್ ಕೆಡವಿದರು, ಹೊಡೆತಕ್ಕೆ 10 ಯಾರ್ಡ್ ನಷ್ಟವಾಯಿತು. ಮುಂದಿನ ಎಸೆತದಲ್ಲಿ ಬ್ರೇಡಿ, ಆ ಋತುವಿನಲ್ಲಿ 23 ಟಚ್‌ಡೌನ್ ಪಾಸ್ ಹಿಡಿದಿದ್ದ ರ‍್ಯಾಂಡಿ ಮಾಸ್ ಅವರಿಗಾಗಿ ಚೆಂಡನ್ನು ಬಹುದೂರ ತೂರಿದರು. ಚೆಂಡು ತಲುಪಿತ್ತು. ಜೊತೆಯಲ್ಲೇ ಓಡಿದ ಕಾರ್ನರ್‌ಬ್ಯಾಕ್ ಕೋರಿ ವೆಬ್‌ಸ್ಟರ್ ಬೆರಳ ತುದಿಯಿಂದ ಅದನ್ನು ತಪ್ಪಿಸಿದರು. ಆಲ್ಫರ್ಡ್ ಇಲ್ಲದಿದ್ದರೆ ಬ್ರೇಡಿಗೆ ಅಷ್ಟು ದೂರ ಎಸೆಯುವ ಅನಿವಾರ್ಯತೆ ಇರಲಿಲ್ಲ. ವೆಬ್‌ಸ್ಟರ್ ಇಲ್ಲದಿದ್ದರೆ ಆ ಐದು ಸ್ಯಾಕ್‌ಗಳನ್ನು ಇವತ್ತು ಯಾರೂ ನೆನೆಯುತ್ತಿರಲಿಲ್ಲ.

‘ನುಗ್ಗುವವರು ನುಗ್ಗುತ್ತಾರೆ, ಕಾಯುವವರು ಕಾಯುತ್ತಾರೆ’

ಇದೂ ಪೂರ್ತಿ ನಿಜವಲ್ಲ. ಡಿಕ್ ಲೆಬೋ 1980ರ ದಶಕದಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡದಲ್ಲಿ ಬೆಳೆಸಿದ ‘ಝೋನ್ ಬ್ಲಿಟ್ಜ್’ ಈ ಗೆರೆಯನ್ನೇ ಅಳಿಸಿಹಾಕಿತು: ನುಗ್ಗಬೇಕಾದ ಲೈನ್‌ಮನ್ ಹಿಂದೆ ಸರಿದು ಕಾಯುತ್ತಾನೆ, ಕಾಯಬೇಕಾದವನು ಇನ್ನೊಂದು ಕಡೆಯಿಂದ ನುಗ್ಗುತ್ತಾನೆ. ಲೆಬೋ ಬಳಿಕ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಸೇರಿದರು. 2009ರ ಫೆಬ್ರವರಿ 1ರ ಸೂಪರ್ ಬೌಲ್‌ನಲ್ಲಿ, ಮೊದಲಾರ್ಧದ ಕಟ್ಟಕಡೆಯ ಆಟದಲ್ಲಿ, ಅರಿಜೋನಾ ಕಾರ್ಡಿನಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಟಚ್‌ಡೌನ್‌ಗೆ ಒಂದೇ ಯಾರ್ಡ್ ದೂರದಲ್ಲಿದ್ದರು. ಆ ಋತುವಿನ ಶ್ರೇಷ್ಠ ರಕ್ಷಣಾ ಆಟಗಾರ ಜೇಮ್ಸ್ ಹ್ಯಾರಿಸನ್ ತಮ್ಮ ಮೇಲೆ ನುಗ್ಗುತ್ತಾರೆ ಎಂದೇ ಅವರು ಬೇಗ ಎಸೆದರು. ಹ್ಯಾರಿಸನ್ ನುಗ್ಗದೆ ಹಿಂದೆ ಸರಿದಿದ್ದರು. ಚೆಂಡು ನೇರ ಅವರ ಕೈಗೆ ಹೋಯಿತು. ಮೈದಾನದ ಈ ತುದಿಯಿಂದ ಆ ತುದಿಗೆ 100 ಯಾರ್ಡ್ ಓಡಿ ಟಚ್‌ಡೌನ್. ಸ್ಟೀಲರ್ಸ್ ಗೆದ್ದ ಅಂತರ ನಾಲ್ಕೇ ಅಂಕ, 27-23.

ಇದೇ ಸ್ಟೀಲರ್ಸ್ 1970ರ ದಶಕದಲ್ಲಿ ‘ಸ್ಟೀಲ್ ಕರ್ಟನ್’ ಎಂದು ಹೆಸರಾಗಿತ್ತು. ಜೋ ಗ್ರೀನ್ ಮತ್ತು ಅವರ ಮೂವರು ಜೊತೆಗಾರರ ಮುಂದಿನ ಸಾಲಿಗೆ ಎಲ್ಲ ಕೀರ್ತಿ ಹೋಗುತ್ತದೆ. ಆದರೆ 1975ರಲ್ಲಿ 11 ಇಂಟರ್‌ಸೆಪ್ಷನ್ ಮಾಡಿ ವರ್ಷದ ರಕ್ಷಣಾ ಆಟಗಾರ ಎನಿಸಿಕೊಂಡವರು ಕಾರ್ನರ್‌ಬ್ಯಾಕ್ ಮೆಲ್ ಬ್ಲೌಂಟ್. ರಿಸೀವರ್‌ಗಳನ್ನು ದಾರಿಯುದ್ದಕ್ಕೂ ಗುದ್ದಿ ನಿಲ್ಲಿಸುತ್ತಿದ್ದ ಅವರ ಶೈಲಿ ಎಷ್ಟು ಪರಿಣಾಮಕಾರಿಯಾಗಿತ್ತೆಂದರೆ, 5 ಯಾರ್ಡ್ ದಾಟಿದ ಮೇಲೆ ರಿಸೀವರ್‌ನನ್ನು ಮುಟ್ಟಬಾರದೆಂದು 1978ರಲ್ಲಿ ಬಂದ ನಿಯಮಕ್ಕೆ ಜನ ಅವರ ಹೆಸರನ್ನೇ ಅಂಟಿಸಿದರು. ಅದೇ ವರ್ಷ ದಾಳಿ ತಂಡದ ತಡೆಗಾರರಿಗೆ ಕೈ ಚಾಚಿ, ಅಂಗೈ ಬಿಚ್ಚಿ ತಡೆಯುವ ಅನುಮತಿಯೂ ಸಿಕ್ಕಿತು. ಎಸೆತದ ಆಟ ಬೆಳೆಯಲಿ ಎಂದು ಲೀಗ್ ಹಿಂದಿನ ಸಾಲಿನ ಕೈಯನ್ನೂ ಕಟ್ಟಿತು, ಮುಂದಿನ ಸಾಲಿನ ದಾರಿಗೂ ಅಡ್ಡ ನಿಂತಿತು. ಒಂದನ್ನೇ ಸಡಿಲಿಸಿದರೆ ಸಾಲದು ಎಂದು ನಿಯಮ ಬರೆದವರಿಗೆ ಗೊತ್ತಿತ್ತು.

ಹಾಗಾದರೆ ಹಣ ಯಾರ ಮೇಲೆ ಸುರಿಯಬೇಕು? ಪ್ರೊ ಫುಟ್‌ಬಾಲ್ ಫೋಕಸ್ ಸಂಸ್ಥೆಯ ವಿಶ್ಲೇಷಕರು 2019ರಲ್ಲಿ, ಗೆಲುವಿನ ಮೇಲೆ ಕವರೇಜ್‌ನ ಪ್ರಭಾವ ಪಾಸ್ ರಷ್‌ಗಿಂತ ಹೆಚ್ಚು ಎಂದು ವಾದಿಸಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿದರು. ಅವರ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಈಗಿನ ಕ್ವಾರ್ಟರ್‌ಬ್ಯಾಕ್‌ಗಳು ಚೆಂಡನ್ನು ಎಷ್ಟು ಬೇಗ ಬಿಡುತ್ತಾರೆಂದರೆ, ಮೊದಲ ನೋಟವನ್ನು ಯಾರಾದರೂ ಮುಚ್ಚದಿದ್ದರೆ ಎಂಥ ರಷರ್ ಆದರೂ ತಲುಪುವುದಿಲ್ಲ. ಆದರೆ ಕಾರ್ನರ್‌ಬ್ಯಾಕ್‌ನ ಆಟ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ, ಎದುರಿಗೆ ಯಾರಿದ್ದಾರೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಏರಿಳಿಯುತ್ತದೆ. ಒಳ್ಳೆಯ ರಷರ್ ವರ್ಷ ವರ್ಷವೂ ಹೆಚ್ಚುಕಡಿಮೆ ಒಳ್ಳೆಯ ರಷರ್ ಆಗಿಯೇ ಉಳಿಯುತ್ತಾನೆ. ತಂಡದ ಮಾಲೀಕರು ಈ ಭರವಸೆಗೂ ದುಡ್ಡು ಕೊಡುತ್ತಾರೆ.

2025ರ ಆಗಸ್ಟ್‌ನಲ್ಲಿ ರಷರ್ ಮೈಕಾ ಪಾರ್ಸನ್ಸ್ ಡಲ್ಲಾಸ್ ಕೌಬಾಯ್ಸ್ ಬಿಟ್ಟು ಗ್ರೀನ್ ಬೇ ಪ್ಯಾಕರ್ಸ್ ಸೇರಿದಾಗ ಅವರ ಒಪ್ಪಂದ ವರ್ಷಕ್ಕೆ ಸರಾಸರಿ 4.7 ಕೋಟಿ ಡಾಲರ್. ಅದಕ್ಕೂ ಒಂದು ತಿಂಗಳ ಹಿಂದೆ ನ್ಯೂಯಾರ್ಕ್ ಜೆಟ್ಸ್ ತನ್ನ ಕಾರ್ನರ್‌ಬ್ಯಾಕ್ ಸಾಸ್ ಗಾರ್ಡ್ನರ್ ಅವರಿಗೆ ಕೊಡಲೊಪ್ಪಿದ್ದು ವರ್ಷಕ್ಕೆ 3 ಕೋಟಿ ಡಾಲರಿಗಿಂತ ಸ್ವಲ್ಪ ಹೆಚ್ಚು. ಸಂಬಳದ ಲೆಕ್ಕದಲ್ಲಿ ರಷರ್ ಬಹಳ ಮುಂದಿದ್ದಾನೆ. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಗಾರ್ಡ್ನರ್ ಅವರನ್ನು ಇಂಡಿಯಾನಾಪೊಲಿಸ್ ಕೋಲ್ಟ್ಸ್ ಕೊಂಡಿತು. ಪಾರ್ಸನ್ಸ್‌ಗಾಗಿ ಗ್ರೀನ್ ಬೇ ಬಿಟ್ಟುಕೊಟ್ಟದ್ದು, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ತನ್ನ 2026 ಮತ್ತು 2027ರ ಮೊದಲ ಸುತ್ತಿನ ಆಯ್ಕೆಗಳು, ಜೊತೆಗೆ ಒಬ್ಬ ಆಟಗಾರ. ಗಾರ್ಡ್ನರ್‌ಗಾಗಿ ಕೋಲ್ಟ್ಸ್ ಬಿಟ್ಟುಕೊಟ್ಟದ್ದೂ 2026 ಮತ್ತು 2027ರ ಮೊದಲ ಸುತ್ತಿನ ಆಯ್ಕೆಗಳು, ಜೊತೆಗೆ ಒಬ್ಬ ಆಟಗಾರ.