ಕರೆಂಟು ಹೋದರೂ ಚಿಪ್ಪಿನ ನೆನಪು ಕೆಡದಿರಲು ಏನು ಮಾಡಬೇಕು?

ಮನೆಯ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟಾರಿಗೆ ನೀವೇ ಒಂದು ಆರ್ಡುಯಿನೊ ಊನೊ ಬೋರ್ಡಿನಿಂದ ಟೈಮರ್ ಮಾಡಿದ್ದೀರಿ ಎಂದುಕೊಳ್ಳಿ. ಬೆಳಗ್ಗೆ 6ಕ್ಕೆ ಶುರು, 20 ನಿಮಿಷ ಓಡಬೇಕು. ತಿಂಗಳುಗಟ್ಟಲೆ ಸರಿಯಾಗಿ ನಡೆಯುತ್ತದೆ. ಒಂದು ದಿನ ಕರೆಂಟು ನಾಲ್ಕೈದು ಸಲ ಹೋಗಿ ಬರುತ್ತದೆ. ಆಮೇಲೆ ನೋಡಿದರೆ 20 ಇದ್ದ ಜಾಗದಲ್ಲಿ 255 ನಿಂತಿದೆ. ಯಾರೂ ಬೋರ್ಡನ್ನು ಮುಟ್ಟಿಲ್ಲ. ಹಾಗಾದರೆ ಅಳಿಸಿದ್ದು ಯಾರು?

ಮೊದಲು ಈ ನೆನಪು ಎಲ್ಲಿರುತ್ತದೆ ನೋಡೋಣ. ಊನೊ ಬೋರ್ಡಿನ ಎಟಿಮೆಗಾ328ಪಿ ಚಿಪ್ಪಿನಲ್ಲಿ ಮೂರು ಬಗೆಯ ಮೆಮೊರಿ ಇದೆ. ಪ್ರೋಗ್ರಾಂ ಇರುವುದು 32 ಕೆಬಿ ಫ್ಲ್ಯಾಶ್‌ನಲ್ಲಿ. ಕೆಲಸದ ನಡುವಿನ ಲೆಕ್ಕಕ್ಕೆ 2 ಕೆಬಿ ಎಸ್‌ರ‍್ಯಾಮ್. ಕರೆಂಟು ಹೋದರೆ ಇದು ಖಾಲಿ. ನೀವು ಕೊಟ್ಟ ಸಮಯದಂಥ ಸೆಟ್ಟಿಂಗ್‌ಗಳಿಗೆ 1 ಕೆಬಿ ಈಈಪ್ರಾಮ್, ಅಂದರೆ ಕರೆಂಟು ಇಲ್ಲದೆಯೂ ಉಳಿಯುವ ಮೆಮೊರಿ. ಅಳಿಸಿದ ಈಈಪ್ರಾಮ್‌ನ ಪ್ರತಿ ಮನೆಯಲ್ಲೂ 255 ಕಾಣುತ್ತದೆ. ಟೈಮರಿನಲ್ಲಿ ಆದದ್ದು ಅದೇ.

ಕರೆಂಟು ಪೂರ್ತಿ ಹೋದರೆ ತೊಂದರೆಯಿಲ್ಲ. ಅದು ಇಳಿಯುತ್ತಿರುವ ಹೊತ್ತೇ ಅಪಾಯದ್ದು. ಈ ಚಿಪ್ಪು 16 ಮೆಗಾಹರ್ಟ್ಸ್ ವೇಗದಲ್ಲಿ ಸರಿಯಾಗಿ ಓಡಲು ಸುಮಾರು 3.8 ವೋಲ್ಟ್ ಬೇಕು. ಅದಕ್ಕಿಂತ ಕಡಿಮೆಯಾದರೆ ಚಿಪ್ಪು ನಿಲ್ಲುವುದಿಲ್ಲ, ತಪ್ಪುತಪ್ಪಾಗಿ ಓಡುತ್ತದೆ. ಅರೆನಿದ್ದೆಯಲ್ಲಿರುವವರ ಕೈಗೆ ಲೆಕ್ಕದ ಪುಸ್ತಕ ಕೊಟ್ಟಂತೆ. ಇನ್ನೊಂದು ಕಾರಣವೂ ಇದೆ. ಈಈಪ್ರಾಮ್‌ನಲ್ಲಿ ಒಂದು ಬೈಟ್ ಬರೆಯಲು ಸುಮಾರು 3.4 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟರೊಳಗೆ ವೋಲ್ಟೇಜ್ ಕುಸಿದರೆ ಬರಹ ಅರ್ಧಕ್ಕೇ ನಿಲ್ಲುತ್ತದೆ.

"ಚಿಪ್ಪಿನೊಳಗೆ ಬೀಗ ಇಲ್ಲವೇ?" ಎಂದು ನೀವು ಕೇಳಬಹುದು. ಇದೆ. ಬರೆಯುವ ಮುನ್ನ ಒಂದು ಅನುಮತಿ ಬಿಟ್ ಹಾಕಬೇಕು. ಅದಾದ ನಾಲ್ಕು ಕ್ಲಾಕ್ ಎಣಿಕೆಯೊಳಗೆ ಬರೆಯುವ ಬಿಟ್ ಹಾಕಬೇಕು. ತಡವಾದರೆ ಬರಹ ನಡೆಯುವುದಿಲ್ಲ. ಆದರೆ ನಿಮ್ಮ ಪ್ರೋಗ್ರಾಂನಲ್ಲಿ ಈ ಎರಡು ಹೆಜ್ಜೆಗಳು ಒಟ್ಟಿಗೇ ಇರುತ್ತವಲ್ಲ? ದಾರಿ ತಪ್ಪಿದ ಚಿಪ್ಪು ಅಲ್ಲಿಗೇ ಹಾರಿದರೆ ಬೀಗವನ್ನು ತಾನೇ ತೆಗೆದು ಬರೆಯುತ್ತದೆ. ಹಾಗಾಗಿ ವೋಲ್ಟೇಜ್ ಸಾಲದಾಗ ಚಿಪ್ಪನ್ನು ಓಡಲು ಬಿಡದಿರುವುದೇ ಮೊದಲ ರಕ್ಷಣೆ.

ಇದಕ್ಕೆ ಬ್ರೌನ್‌ಔಟ್ ಡಿಟೆಕ್ಟರ್ ಇದೆ. ವೋಲ್ಟೇಜ್ ಒಂದು ಗೆರೆಗಿಂತ ಕೆಳಗಿಳಿದರೆ ಇದು ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿದಿಡುತ್ತದೆ. ಗೆರೆಯನ್ನು 1.8, 2.7 ಅಥವಾ 4.3 ವೋಲ್ಟ್‌ಗೆ ಇಡಬಹುದು. ಊನೊ ಬೋರ್ಡಿನಲ್ಲಿ ಸಾಮಾನ್ಯವಾಗಿ 2.7 ಇರುತ್ತದೆ. ಅಂದರೆ 3.8ರಿಂದ 2.7ರವರೆಗೆ ಚಿಪ್ಪು ಕಾವಲಿಲ್ಲದೆ ಓಡುತ್ತದೆ. 4.3ಕ್ಕೆ ಏರಿಸಿದರೆ ಈ ಸಂದು ಮುಚ್ಚುತ್ತದೆ. ಆದರೆ ಅಡಾಪ್ಟರ್ ಸರಿಯಾಗಿ 5 ವೋಲ್ಟ್ ಕೊಡುವಂತಿರಬೇಕು. ಸೊರಗಿದ ಚಾರ್ಜರ್, ಉದ್ದನೆಯ ತೆಳ್ಳಗಿನ ಕೇಬಲ್ ಇದ್ದರೆ ಬೋರ್ಡು ಪದೇ ಪದೇ ರೀಸೆಟ್ ಆದೀತು.

ಎರಡನೆಯದು ಒಂದು ಕೆಪಾಸಿಟರ್. ಶುರುವಾದ ಬರಹ ಮುಗಿಯುವಷ್ಟು ಹೊತ್ತು ಇದು ಕರೆಂಟು ಹಿಡಿದಿಡುತ್ತದೆ. ಬೋರ್ಡು 50 ಮಿಲಿಆಂಪಿಯರ್ ಎಳೆಯುತ್ತಿದ್ದರೆ 470 ಮೈಕ್ರೊಫ್ಯಾರಡ್ ಸಾಕು. 3.4 ಮಿಲಿಸೆಕೆಂಡಿನಲ್ಲಿ ವೋಲ್ಟೇಜ್ ಅರ್ಧ ವೋಲ್ಟ್ ಕೂಡ ಇಳಿಯುವುದಿಲ್ಲ.

ಮೂರನೆಯದು ಪ್ರೋಗ್ರಾಂನಲ್ಲಿ. ಸೆಟ್ಟಿಂಗನ್ನು ಎರಡು ಕಡೆ ಬರೆಯಿರಿ. ಪ್ರತಿಯೊಂದರ ಜೊತೆಗೂ ಚೆಕ್‌ಸಮ್ ಇಡಿ. ಇದು ಸಂಖ್ಯೆ ಕೆಟ್ಟಿದೆಯೇ ಎಂದು ಹೇಳುವ ತಾಳೆಯ ಮೊತ್ತ. ಬೋರ್ಡು ಎದ್ದಾಗ ಮೊದಲ ಪ್ರತಿ ತಾಳೆಯಾಗದಿದ್ದರೆ ಎರಡನೆಯದನ್ನು ಓದಲಿ. ಎರಡೂ ಕೆಟ್ಟಿದ್ದರೆ ಮೋಟಾರನ್ನು ಓಡಿಸದೆ ನಿಲ್ಲಲಿ.

ಬರೆಯುವುದನ್ನೂ ಮಿತಿಯಲ್ಲಿಡಿ. ಪ್ರತಿ ಮನೆಯ ಆಯಸ್ಸು 1 ಲಕ್ಷ ಬರಹ. ಸೆಕೆಂಡಿಗೊಮ್ಮೆ ಒಂದೇ ಜಾಗದಲ್ಲಿ ಬರೆದರೆ 28 ಗಂಟೆಯೊಳಗೆ ಅಷ್ಟೂ ಮುಗಿಯುತ್ತದೆ! ಆರ್ಡುಯಿನೊ ಲೈಬ್ರರಿಯಲ್ಲಿ 'ರೈಟ್' ಬದಲು 'ಅಪ್‌ಡೇಟ್' ಬಳಸಿ. ಹಳೆಯ ಸಂಖ್ಯೆಯೇ ಇದ್ದರೆ ಅದು ಮತ್ತೆ ಬರೆಯುವುದಿಲ್ಲ.

ಅಪರೂಪಕ್ಕೆ ಬದಲಾಗುವ ಮಾಹಿತಿ ಹೆಚ್ಚಿದ್ದರೆ 24ಸಿ256 ಎಂಬ ಹೊರಗಿನ ಈಈಪ್ರಾಮ್ ಚಿಪ್ಪು ಒಳ್ಳೆಯದು. ಅದರ 7ನೇ ಕಾಲು ರೈಟ್ ಪ್ರೊಟೆಕ್ಟ್, ಅಂದರೆ ಬರೆಯುವುದಕ್ಕೆ ತಡೆ. ಅದನ್ನು 10 ಕಿಲೊಓಮ್ ರೆಸಿಸ್ಟರ್ ಮೂಲಕ 5 ವೋಲ್ಟ್‌ಗೆ ಕಟ್ಟಿ. ಬರೆಯುವಾಗ ಮಾತ್ರ ಪ್ರೋಗ್ರಾಂ ಆ ಕಾಲನ್ನು ಗ್ರೌಂಡಿಗೆ ಎಳೆಯಲಿ. ರೀಸೆಟ್ ಹೊತ್ತಿನಲ್ಲಿ ಬೀಗ ತಾನಾಗಿ ಬಿದ್ದಿರುತ್ತದೆ.

"ಹೊಸ ಪ್ರೋಗ್ರಾಂ ಹಾಕಿದರೆ ಸೆಟ್ಟಿಂಗ್ ಅಳಿಯುತ್ತದೆಯೇ?" ಯುಎಸ್‌ಬಿ ಮೂಲಕ ಹಾಕಿದರೆ ಇಲ್ಲ. ಪ್ರೋಗ್ರಾಮರ್ ಹಚ್ಚಿ ಚಿಪ್ಪನ್ನು ಪೂರ್ತಿ ಅಳಿಸಿದರೆ ಅಳಿಯುತ್ತದೆ. ಈಈಸೇವ್ ಎಂಬ ಫ್ಯೂಸ್ ಹಾಕಿದ್ದರೆ ಆಗಲೂ ಉಳಿಯುತ್ತದೆ. ಫ್ಯೂಸ್ ಎಂದರೆ ಸುಡುವ ತಂತಿಯಲ್ಲ, ಚಿಪ್ಪಿನೊಳಗಿನ ಖಾಯಂ ಸೆಟ್ಟಿಂಗ್. ಬ್ರೌನ್‌ಔಟ್ ಗೆರೆ ಬದಲಿಸುವುದೂ ಫ್ಯೂಸ್ ಮೂಲಕವೇ.

ಖರ್ಚು ದೊಡ್ಡದಲ್ಲ. ಫ್ಯೂಸ್ ಬದಲಿಸಲು ಇನ್ನೊಂದು ಊನೊ ಬೋರ್ಡನ್ನೇ ಪ್ರೋಗ್ರಾಮರ್ ಮಾಡಿಕೊಳ್ಳಬಹುದು. ಬೇಕಾದ ಪ್ರೋಗ್ರಾಂ ಆರ್ಡುಯಿನೊ ತಂತ್ರಾಂಶದ ಉದಾಹರಣೆಗಳಲ್ಲೇ ಇದೆ. ಕೆಪಾಸಿಟರ್, ರೆಸಿಸ್ಟರ್, 24ಸಿ256 ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಬಿಡಿಬಿಡಿಯಾಗಿ ಸಿಗುತ್ತವೆ. ಊರಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಫ್ಯೂಸ್ ಮುಟ್ಟುವ ಮುನ್ನ ಈಗಿರುವ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಡಿ. ತಪ್ಪು ಸಂಖ್ಯೆ ಬಿದ್ದರೆ ಚಿಪ್ಪು ಮಾತಿಗೇ ಸಿಗದಂತಾಗಬಹುದು.

ಎಲ್ಲ ಮಾಡಿದ ಮೇಲೆ ಒಂದು ಪರೀಕ್ಷೆ ಬಾಕಿ. ಮೋಟಾರನ್ನು ಜೋಡಿಸದೆ, ಅಡಾಪ್ಟರಿನ ಸ್ವಿಚ್ಚನ್ನು ಐವತ್ತು ಸಲ ಹಾಕಿ ತೆಗೆಯಿರಿ. ಪ್ರತಿ ಸಲವೂ 20 ನಿಮಿಷ 20 ಆಗಿಯೇ ಕಂಡರೆ ಮಾತ್ರ ಪೆಟ್ಟಿಗೆಯ ಮುಚ್ಚಳ ಹಾಕಿ.