ಪನ್ಹಾಳದ ಚಳಿಗಾಲದ ಸೋಲು, ಏಳು ವರ್ಷಗಳ ತಾಳ್ಮೆ

ಕೊಲ್ಲಾಪುರ: ಕಂಪ್ಯೂಟರ್‌ನ ಯುದ್ಧದಾಟಗಳಲ್ಲಿ ಒಂದು ದಾಳಿ ಕೈಕೊಟ್ಟರೆ ಹಿಂದಿನ ಹಂತಕ್ಕೆ ಮರಳಿ ಮತ್ತೆ ಆಡಬಹುದು. ನಿಜವಾದ ಯುದ್ಧದಲ್ಲಿ ಸತ್ತ ಸೈನಿಕರು ಮರಳಿ ಬರುವುದಿಲ್ಲ. ಹಾಗಾದರೆ ದೊಡ್ಡ ಪೆಟ್ಟು ತಿಂದ ಸೈನ್ಯ ಚೇತರಿಸಿಕೊಳ್ಳುವುದು ಹೇಗೆ? ಇದಕ್ಕೆ ಕೊಲ್ಲಾಪುರ ಜಿಲ್ಲೆಯಲ್ಲೇ ಎರಡು ಉದಾಹರಣೆಗಳಿವೆ.

ಮೊದಲನೆಯದು ಪನ್ಹಾಳ. 1665ರ ಜೂನ್‌ನಲ್ಲಿ ಪುರಂದರ ಒಪ್ಪಂದದಂತೆ ಶಿವಾಜಿ ಮಹಾರಾಜರು 23 ಕೋಟೆಗಳನ್ನು ಮೊಘಲರಿಗೆ ಬಿಟ್ಟುಕೊಟ್ಟರು. ನಂತರ ಮೊಘಲರ ಪರವಾಗಿ ಬಿಜಾಪುರದ ಆದಿಲಶಾಹಿಯ ವಿರುದ್ಧ ಹೋರಾಡಬೇಕಾಯಿತು. 1666ರ ಜನವರಿ 16ರಂದು ಬೆಳಕು ಹರಿಯುವ ಮುನ್ನ ಅವರು ಪನ್ಹಾಳದ ಮೇಲೆ ದಾಳಿ ಮಾಡಿದರು. ಕೋಟೆಯವರು ಎಚ್ಚರವಾಗಿದ್ದರು. ಸೇನಾಪತಿ ನೇತಾಜಿ ಪಾಲಕರ್ ಸಕಾಲಕ್ಕೆ ಬರಲಿಲ್ಲ. ಸುಮಾರು 1,000 ಜನ ಬಿದ್ದರು. ಮಹಾರಾಜರು ವಿಶಾಲಗಡಕ್ಕೆ ಹಿಂದೆ ಸರಿದರು. ಇದೇ ಕಾರಣಕ್ಕೆ ಮನಸ್ತಾಪವಾಗಿ ನೇತಾಜಿ ಬಿಜಾಪುರದ ಪಕ್ಷ ಸೇರಿದರು.

ಮಹಾರಾಜರು ಮತ್ತೆ ಕೂಡಲೇ ಪನ್ಹಾಳಕ್ಕೆ ಮುತ್ತಿಗೆ ಹಾಕಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. 1666ರ ಆಗಸ್ಟ್‌ನಲ್ಲಿ ಆಗ್ರಾದಿಂದ ತಪ್ಪಿಸಿಕೊಂಡು ಬಂದ ಮೇಲೂ ಸುಮಾರು ಮೂರು ವರ್ಷ ದೊಡ್ಡ ಯುದ್ಧಕ್ಕೆ ಕೈಹಾಕದೆ ಆಡಳಿತ ಹಾಗೂ ಸೈನ್ಯವನ್ನು ಗಟ್ಟಿಗೊಳಿಸಿದರು. 1670ರಲ್ಲಿ ಸಿಂಹಗಡದಿಂದ ಆರಂಭಿಸಿ ಕೋಟೆಗಳನ್ನು ಒಂದೊಂದಾಗಿ ಮರಳಿ ಪಡೆದರು. 1672ರ ನವೆಂಬರ್‌ನಲ್ಲಿ ಎರಡನೇ ಅಲಿ ಆದಿಲಶಾಹ ತೀರಿಕೊಂಡು, ಬಿಜಾಪುರದ ಸರದಾರರಲ್ಲಿ ಒಳಜಗಳ ಹೆಚ್ಚಿತು. ಕಾಯುತ್ತಿದ್ದ ಸಮಯ ಬಂದಿತ್ತು.

1673ರ ಮಾರ್ಚ್‌ನ ಒಂದು ರಾತ್ರಿ ಕೊಂಡಾಜಿ ಫರ್ಜಂದ್ ಕೇವಲ 60 ಜನರೊಂದಿಗೆ ಪನ್ಹಾಳ ಏರಿದರು. ಕಹಳೆಗಳನ್ನು ಊದಿದಾಗ ದೊಡ್ಡ ಸೈನ್ಯವೇ ನುಗ್ಗಿದೆ ಎಂದು ಕಾವಲಿನವರು ಗಾಬರಿಯಾದರು. ದೊಡ್ಡ ಸೈನ್ಯಕ್ಕೆ ಸಿಗದ ಕೋಟೆ 60 ಜನರಿಗೆ ಸಿಕ್ಕಿತು.

ಎರಡನೆಯ ಉದಾಹರಣೆ ಗಡಹಿಂಗ್ಲಜ್ ತಾಲೂಕಿನ ನೇಸರಿ. ಪನ್ಹಾಳ ಕಳೆದುಕೊಂಡ ಬಿಜಾಪುರವು ಬಹಲೋಲ್ ಖಾನನನ್ನು ಕಳಿಸಿತು. 1673ರ ಏಪ್ರಿಲ್‌ನಲ್ಲಿ ಉಮರಾಣಿಯ ಬಳಿ ಅವನನ್ನು ಸುತ್ತುವರಿದ ಸರನೌಬತ್ ಪ್ರತಾಪರಾವ್ ಗುಜರ್, ಶರಣಾದನೆಂದು ಬಿಟ್ಟುಕೊಟ್ಟರು. ಖಾನ ಮತ್ತೆ ತಿರುಗಿಬಿದ್ದ. ಮಹಾರಾಜರ ಕಟುಮಾತು ಪ್ರತಾಪರಾವ್ ಅವರ ಮನಸ್ಸಿಗೆ ನಾಟಿತು. 1674ರ ಫೆಬ್ರವರಿ 24ರಂದು ಖಾನ ಎದುರಾದಾಗ ತಮ್ಮ ಸೈನ್ಯಕ್ಕಾಗಿ ಕಾಯದೆ ಆರು ಸವಾರರೊಂದಿಗೆ ನುಗ್ಗಿದರು. ಏಳೂ ಜನ ಮಡಿದರು.

ಅವರ ಶೌರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಸೈನ್ಯ ತನ್ನ ಮುಖ್ಯಸ್ಥನನ್ನು ಕಳೆದುಕೊಂಡಿತು. ಆದರೂ ಅದು ಚದುರಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಆನಂದರಾವ್ ನೇತೃತ್ವದ ಪಡೆ ಬಂಕಾಪುರದ ಕಡೆ ಖಾನನ ಜಹಗೀರಿಗೇ ನುಗ್ಗಿತು. ಸರನೌಬತ್ ಸ್ಥಾನಕ್ಕೆ ಹಂಬೀರರಾವ್ ಮೋಹಿತೆ ಬಂದರು. ಮುಂದೆ ಕೊಲ್ಲಾಪುರ ಗಾದಿಯನ್ನು ಸ್ಥಾಪಿಸಿದ ಮಹಾರಾಣಿ ತಾರಾಬಾಯಿ ಇವರದೇ ಮಗಳು.

ಸೋಲಿನ ಸಿಟ್ಟು ಆರುವವರೆಗೆ ಕಾದಿದ್ದರಿಂದ ಪನ್ಹಾಳ ಸಿಕ್ಕಿತು. ಆ ಸಿಟ್ಟಿನಲ್ಲೇ ಹೊರಟದ್ದರಿಂದ ನೇಸರಿಯಲ್ಲಿ ಏಳು ಜೀವ ಹೋದವು. ಆಟವಿರಲಿ, ಯುದ್ಧವಿರಲಿ, ಪೆಟ್ಟು ತಿಂದ ಮೇಲಿನ ಮೊದಲ ಹೆಜ್ಜೆಯೇ ಮುಖ್ಯ ಎಂಬುದನ್ನು ಇವೆರಡೂ ತೋರಿಸುತ್ತವೆ.